ಜೆಪ್ಪಿನ ಹಂಚು, ಬಾಸೆಲಿನ ಲೆಕ್ಕ

ದೀಕ್ಷಾಸ್ನಾನವಾದ ಮರುದಿನ ಒಲೆ ಉರಿಯುವುದು ಹೇಗೆ? ಮಂಗಳೂರಿನ ಪ್ರೊಟೆಸ್ಟೆಂಟ್ ಸಭೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸುವಾರ್ತೆ, ಶಾಲೆ, ಪುಸ್ತಕ ಇವುಗಳಿಂದ ತೊಡಗುತ್ತಾರೆ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು, ಈಗ ನಮ್ಮ ಸಭೆಯ ಖಜಾಂಚಿ. ನನ್ನ ಪಾಲಿಗೆ ಆ ಚರಿತ್ರೆ ಶುರುವಾಗುವುದೇ ಒಲೆಯ ಪ್ರಶ್ನೆಯಿಂದ.

1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಸೇರಿದರು. ಅವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಷನ್. ಬ್ರಿಟಿಷರಲ್ಲದ ಮಿಷನರಿಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆ. ಅದಾದ ಮರುವರ್ಷವೇ ಇವರು ಬಂದರು. ಹಾಗೆ ಬಂದವರಲ್ಲಿ ಬಹುಪಾಲು ಜನ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. ಪ್ರಾರ್ಥನೆಗೆ ಮಂಡಿಯೂರಿದಷ್ಟೇ ಸಹಜವಾಗಿ ಉಳಿ-ಸುತ್ತಿಗೆ ಹಿಡಿಯಬಲ್ಲವರು. ಮುಂದಿನ ಕಥೆ ಅರ್ಥವಾಗಬೇಕಾದರೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಅವರ ಮಾತು ಕೇಳಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವ ಮೂರ್ತೆಯೇ ಅವರಲ್ಲಿ ಅನೇಕರ ಜೀವನ. ಸಭೆಗೆ ಕಳ್ಳು ಒಪ್ಪಿಗೆಯಿಲ್ಲ. ಹಾಗಾಗಿ ಮೊದಲು ಹೋದದ್ದು ಕಸುಬು. ಗೇಣಿಗೆ ಉಳುತ್ತಿದ್ದ ಗದ್ದೆ ಧಣಿಯ ಮನಸ್ಸಿನ ಮೇಲೆ ನಿಂತಿತ್ತು, ಅದೂ ಹೋಗಬಹುದು. ಇನ್ನು ಕುಟುಂಬದ ಆಸ್ತಿ. ಮತ ಬದಲಾಯಿಸಿದರೂ ಆಸ್ತಿಯ ಹಕ್ಕು ಹೋಗದು ಎಂದು 1850ರಲ್ಲಿ ಕಾಯಿದೆಯೇನೋ ಬಂತು. ಆದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಕುಟುಂಬದಲ್ಲಿ ನನ್ನ ಪಾಲು ಕೊಡಿ ಎಂದು ಒಬ್ಬನೇ ಎದ್ದು ನಿಂತು ಕೇಳಲು ದಾರಿಯೇ ಇರಲಿಲ್ಲ. ಮನೆಯ ಅಂಗಳ ದಾಟಿ ಬಂದವನ ಕೈಯಲ್ಲಿ ಉಳಿಯುತ್ತಿದ್ದದ್ದು ಉಟ್ಟ ಬಟ್ಟೆ, ಹೊಸ ಹೆಸರು.

ಮಿಷನರಿಗಳು ಮೊದಮೊದಲು ಅಕ್ಕಿ, ಬಟ್ಟೆ ಕೊಟ್ಟು ನೋಡಿದರು. ಧರ್ಮದ ಅಕ್ಕಿ ಹೊಟ್ಟೆ ತುಂಬಿಸಿತು, ಆದರೆ ಮನುಷ್ಯನನ್ನು ಕುಗ್ಗಿಸಿತು. ಅಕ್ಕಿಗಾಗಿ ಮತ ಬಿಟ್ಟವರು ಎಂಬ ಮಾತೂ ಊರಲ್ಲಿ ಎದ್ದಿತು. ಆ ಮಾತು ನನ್ನ ಅಜ್ಜಿಯ ಕಾಲಕ್ಕೂ ಸತ್ತಿರಲಿಲ್ಲ. ಅಪೊಸ್ತಲ ಪೌಲನು ಸುವಾರ್ತೆ ಸಾರುತ್ತಲೇ ಗುಡಾರ ಹೊಲಿದು ಬದುಕಿದವನು. ಕೈಕೆಲಸ ಮಾಡುವ ಮನೆಗಳಿಂದ ಬಂದಿದ್ದ ಈ ಅಯ್ಯನವರಿಗೆ ಅದು ಬರೀ ಪ್ರಸಂಗದ ವಿಷಯವಾಗಿರಲಿಲ್ಲ. ಬೇಸಾಯಕ್ಕೆ ಭೂಮಿ ಕೊಟ್ಟು ನೋಡಿದರು, ಬಡಗಿ ಕೆಲಸ ಕಲಿಸಿದರು, ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿದರು. 1850ರ ದಶಕದಲ್ಲಿ ಎಷ್ಟು ಮನೆಗಳಲ್ಲಿ ಗಡಿಯಾರವಿತ್ತು ಎಂದು ಕೇಳಿದರೆ ಅದು ಯಾಕೆ ನಡೆಯಲಿಲ್ಲ ಎಂಬುದು ತಿಳಿಯುತ್ತದೆ. 'ಮಂಗಳೂರ ಸಮಾಚಾರ'ದಿಂದ ನಮಗೆಲ್ಲ ಪರಿಚಿತರಾದ ಮೋಗ್ಲಿಂಗ್ ಕೊಡಗಿಗೆ ಹೋಗಿ, ಭೂಮಿಯಿಲ್ಲದ ಹೊಲೆಯ ಕುಟುಂಬಗಳಿಗಾಗಿ ಆನಂದಪುರವೆಂಬ ಊರನ್ನೇ ಕಟ್ಟಿದರು. ನಿಂತದ್ದು ಕೆಲವು, ಬಿದ್ದದ್ದು ಹಲವು. ಬಿದ್ದವುಗಳಲ್ಲೂ ಒಂದು ಹಟ ಕಾಣುತ್ತದೆ: ಈ ಜನ ದುಡಿದು ತಿನ್ನಬೇಕು, ಯಾರ ಮುಂದೆಯೂ ಕೈ ಚಾಚಬಾರದು.

ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತಿತ್ತು? ಬಾಸೆಲಿನಲ್ಲಿ ರೇಷ್ಮೆ ರಿಬ್ಬನ್ ವ್ಯಾಪಾರದಿಂದ ಸಿರಿವಂತರಾದ ಭಕ್ತ ಮನೆತನಗಳಿದ್ದವು, ಅವರು ಕೈಬಿಚ್ಚಿ ಕೊಟ್ಟರು. ಆದರೆ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕಡೆ. ಅಂಥದ್ದೇ ಒಂದು ಮನೆತನದ ಕಾರ್ಲ್ ಸರಾಸಿನ್ ಎಂಬವರು 1855ರಲ್ಲಿ ಒಂದು ಏರ್ಪಾಡು ಶುರು ಮಾಡಿದರು. ಮಿಷನ್ನಿಗೆ ಬೆಂಬಲ ಕೊಡುವ ಪ್ರತಿಯೊಬ್ಬರೂ ವಾರಕ್ಕೆ ಅರ್ಧ ಬಾಟ್ಸನ್ ಕೊಡಬೇಕು. ಅದು ಅಲ್ಲಿನ ಐದು ಪೈಸೆಯಷ್ಟು ಸಣ್ಣ ಮೊತ್ತ. ಮನೆಗೆಲಸದವಳೂ ಕೊಡಬಲ್ಲಳು, ಸಣ್ಣ ಹಿಡುವಳಿಯ ರೈತನೂ ಕೊಡಬಲ್ಲನು. ಮನೆಮನೆಗೆ ಹೋಗಿ ಸಂಗ್ರಹಿಸುವವರಿದ್ದರು, ಬರೆದಿಡಲು ಪುಸ್ತಕವಿತ್ತು. ಈ ಚಿಲ್ಲರೆ ಸೇರಿ ಸೇರಿ ಮಿಷನ್ನಿನ ದೊಡ್ಡ ಆಧಾರಗಳಲ್ಲಿ ಒಂದಾಯಿತು. 1928ರಲ್ಲಿ ಉಡುಪಿಯ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನವರು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರು ಮಾಡಿದ್ದನ್ನು ಬ್ಯಾಂಕಿನವಳಾದ ನಾನು ಇಲ್ಲಿ ನೆನೆಯದೆ ಇರಲಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿತ್ತೆಂದು ಹೇಳುತ್ತಿಲ್ಲ. ಬಡವರ ಚಿಲ್ಲರೆಯನ್ನು ಹಗುರವಾಗಿ ಕಾಣದ ಜನ ಎರಡೂ ಕಡೆ ಇದ್ದರು, ಅಷ್ಟೆ.

ಅರ್ಧ ಬಾಟ್ಸನ್ ಕೊಟ್ಟ ಹೆಂಗಸಿಗೆ ಲೆಕ್ಕ ಒಪ್ಪಿಸಬೇಕಲ್ಲ? ವ್ಯಾಪಾರಕ್ಕೆ ಇಳಿದಾಗ ಮಿಷನ್ನಿನವರನ್ನು ಬಹಳ ಕಾಡಿದ್ದು ಇದೇ. ಸುವಾರ್ತೆಗೆಂದು ಕೊಟ್ಟ ಕಾಣಿಕೆಯನ್ನು ಅಂಗಡಿಗೆ ಹಾಕಿ, ಅಂಗಡಿ ಮುಳುಗಿದರೆ ಯಾರಿಗೆ ಏನು ಹೇಳುವುದು? 1854ರಲ್ಲಿ ಫ್ಲೈಡರರ್ ಎಂಬ ವ್ಯಾಪಾರಿಯೊಬ್ಬರನ್ನು ಮಂಗಳೂರಿಗೆ ಕಳಿಸಿದರು. ಪಾದ್ರಿಯಲ್ಲ, ಲೆಕ್ಕ ಬಲ್ಲ ಮನುಷ್ಯ. 1859ರಲ್ಲಿ ಬಾಸೆಲಿನಲ್ಲಿ ಒಂದು ಪ್ರತ್ಯೇಕ ವ್ಯಾಪಾರ ಕಂಪನಿಯನ್ನೇ ಸ್ಥಾಪಿಸಿ ಷೇರುಗಳ ಮೂಲಕ ಬಂಡವಾಳ ಎತ್ತಿದರು. ಕಾಣಿಕೆಯ ಪೆಟ್ಟಿಗೆ ಬೇರೆ, ವ್ಯಾಪಾರದ ಪೆಟ್ಟಿಗೆ ಬೇರೆ. ಷೇರುದಾರರಿಗೆ ಸಿಗುವ ಲಾಭಾಂಶಕ್ಕೆ ಒಂದು ಮಿತಿ ಹಾಕಿ, ಉಳಿದ ಲಾಭವನ್ನು ಮಿಷನ್ನಿನ ಕೆಲಸಕ್ಕೆ ಬಿಟ್ಟರು. ಸಾಲಕ್ಕೆ ಸೆಕ್ಯುರಿಟಿ ಕೇಳುತ್ತಲೇ ಆಯುಷ್ಯ ಕಳೆದ ನನಗೆ ಇದು ಎಷ್ಟು ಬುದ್ಧಿವಂತಿಕೆಯ ಕ್ರಮವೆಂದು ಗೊತ್ತಾಗುತ್ತದೆ. ನಷ್ಟವಾದರೆ ಬಡವಿಯ ಕಾಸು ಹೋಗುವುದಿಲ್ಲ. ಲಾಭ ಬಂದರೆ ಸಿರಿವಂತನ ಜೇಬು ಉಬ್ಬುವುದಿಲ್ಲ.

ಮಂಗಳೂರಿನಲ್ಲಿ ಮೊದಲು ಕೈಹಿಡಿದದ್ದು ಅಚ್ಚುಕೂಟ ಮತ್ತು ಮಗ್ಗ. ಅಚ್ಚುಕೂಟ 1841ರಲ್ಲಿ ಕಲ್ಲಚ್ಚಿನಿಂದ ಶುರುವಾಯಿತು. ಅದರ ಕಥೆ ಕನ್ನಡಿಗರಿಗೆ ಗೊತ್ತಿರುವುದರಿಂದ ಬಿಡುತ್ತೇನೆ. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ನೇಯ್ಗೆಯನ್ನು ಹೊಸದಾಗಿ ಕಟ್ಟಿದರು, ಬಣ್ಣ ಹಾಕುವುದರಲ್ಲೂ ಪ್ರಯೋಗ ನಡೆಸಿದರು. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನ ಬಲ್ಮಠದಲ್ಲಿ ಎಂದು ನಮ್ಮೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ವಾಯವ್ಯ ಗಡಿಯ ಸೈನಿಕರು ಅದಕ್ಕೂ ಮೊದಲೇ 1840ರ ದಶಕದಲ್ಲಿ ಖಾಕಿ ತೊಟ್ಟಿದ್ದರು. ಹಾಗಾಗಿ ಆ ಹೆಮ್ಮೆಯನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಮಾಸದ, ಬಣ್ಣ ಬಿಡದ ಖಾಕಿ ಬಟ್ಟೆಗೆ ಮಂಗಳೂರಿನ ಮಗ್ಗ ಹೆಸರು ಮಾಡಿತು ಎಂದರೆ ಸಾಕು.

ಆದರೆ ಊರಿನ ರೂಪವನ್ನೇ ಬದಲಾಯಿಸಿದ್ದು ಹಂಚು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಗೇಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಕಣ್ಣಿಟ್ಟು ನೋಡಿದರು. ಊರಿಗೆ ಹೋಗಿದ್ದಾಗ ಹಂಚು ಸುಡುವ ವಿದ್ಯೆ ಕಲಿತು ಬಂದು, 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಕಾರ್ಖಾನೆ ಹಾಕಿದರು. ಒಂದರ ಅಂಚಿಗೆ ಇನ್ನೊಂದು ಕೂರುವ ಹಂಚಿನ ನಮೂನೆ 1841ರಲ್ಲಿ ಫ್ರಾನ್ಸಿನ ಅಲ್ಸಾಸ್ ಸೀಮೆಯ ಗಿಲಾರ್ಡೋನಿ ಸಹೋದರರು ಕಂಡುಹಿಡಿದದ್ದು. ಬಾಸೆಲಿಗೆ ಆ ಸೀಮೆ ತೀರ ದೂರವೇನಲ್ಲ. ಜೆಪ್ಪಿನಲ್ಲಿ ಮೊದಮೊದಲು ಮಣ್ಣು ಅರೆಯುವ ಯಂತ್ರವನ್ನು ಎತ್ತುಗಳು ತಿರುಗಿಸುತ್ತಿದ್ದವು, ಉಗಿಯಂತ್ರ ಬಂದದ್ದು ಆಮೇಲೆ.

ನಮ್ಮ ಹಳೆ ಮನೆ ಬಿಚ್ಚಿದಾಗ ಇಳಿಸಿದ ಹಂಚೊಂದು ನನ್ನ ಬಳಿ ಇದೆ. ಸುಮಾರು ಹದಿನಾರು ಅಂಗುಲ ಉದ್ದ, ಹತ್ತಂಗುಲ ಅಗಲ, ಎತ್ತಿದರೆ ಕೈಗೆ ಭಾರ. ಮೇಲ್ಮೈಯಲ್ಲಿ ನೀರು ಹರಿಯಲು ಎರಡು ಉದ್ದ ತೋಡು. ಎಡದಂಚಿನಲ್ಲಿ ಒಂದು ಕಚ್ಚು, ಬಲದಂಚಿನಲ್ಲಿ ಅದರೊಳಗೆ ಕೂರುವ ತುಟಿ. ಬೆನ್ನಿಗೆ ತಿರುಗಿಸಿದರೆ ರೀಪಿಗೆ ಸಿಕ್ಕಿಕೊಳ್ಳುವ ಎರಡು ಮೊಳೆಯಂಥ ಉಬ್ಬು, ನಡುವೆ ಅಚ್ಚೊತ್ತಿದ ಕಾರ್ಖಾನೆಯ ಹೆಸರು. ಸುಣ್ಣ ಬೇಡ, ಗಾರೆ ಬೇಡ. ಪಕ್ಕಾಸಿನ ಮೇಲೆ ರೀಪು ಹೊಡೆದು, ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತ ಹೋದರೆ ಆಷಾಢದ ಮಳೆಯೂ ಒಳಗೆ ಬರುವುದಿಲ್ಲ. ಒಂದು ಒಡೆದರೆ ಆ ಒಂದನ್ನೇ ತೆಗೆದು ಬೇರೆ ಹಾಕಬಹುದು. ಮುಳಿಹುಲ್ಲಿನ ಮಾಡಿಗೆ ವರ್ಷವರ್ಷ ಹುಲ್ಲು ಹೊದೆಸುತ್ತ, ಬೇಸಗೆಯಲ್ಲಿ ಬೆಂಕಿಗೆ ಹೆದರುತ್ತ ಬದುಕಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂದು ಇಂದಿನವರು ಊಹಿಸಲಾರರು.

ಅಜ್ಜಿ ಹುಡುಗಿಯಾಗಿದ್ದಾಗಲೇ ಜೆಪ್ಪಿನ ಕಾರ್ಖಾನೆ ಸೇರಿದವರು. ಅಚ್ಚಿನಿಂದ ಬಿದ್ದ ಹಸಿ ಹಂಚನ್ನು ಹಲಗೆಯ ಮೇಲೆ ಹೊತ್ತು ನೆರಳಿನ ಅಟ್ಟಕ್ಕೆ ಸಾಗಿಸುವುದು ಅವರ ಕೆಲಸ. ಹಸಿ ಹಂಚು ಮಗುವಿನ ಹಾಗೆ, ಬೆರಳು ಊರಿದರೆ ಗುರುತು ಬೀಳುತ್ತದೆ ಎನ್ನುತ್ತಿದ್ದರು. ಬಿಸಿಲಿಗೆ ಇಟ್ಟರೆ ಬಿರುಕು, ಅವಸರದಲ್ಲಿ ಗೂಡಿಗೆ ಹಾಕಿದರೆ ಸೊಟ್ಟ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಪ್ರಾರ್ಥನೆ, ಆಮೇಲೆ ಗಂಟೆ. ಗಂಟೆ ಹೊಡೆದ ಮೇಲೆ ಬಂದವರಿಗೆ ಬೈಗುಳವಿತ್ತು. ಅದೇ ಕಾರ್ಖಾನೆಯಲ್ಲಿ ಹಿಂದೂಗಳೂ ಮುಸ್ಲಿಮರೂ ದುಡಿಯುತ್ತಿದ್ದರು. ಸಂಬಳದಲ್ಲಿ ಒಂದು ಪಾಲು ಉಳಿತಾಯಕ್ಕೆ ಹಾಕಲೇಬೇಕು ಎಂಬ ಒತ್ತಾಯ ಅಜ್ಜಿಗೆ ಆಗ ಸಿಟ್ಟು ತರಿಸುತ್ತಿತ್ತಂತೆ. ಮಗಳ ಮದುವೆಗೆ ಆ ಹಣವೇ ಒದಗಿತು ಎಂಬುದನ್ನೂ ಅವರೇ ಹೇಳುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಸಭೆಯ ವಾರ್ಷಿಕೋತ್ಸವದ ಭಾಷಣವಾದೀತು. ನನಗೆ ಒಪ್ಪಲಾಗದ ಸಂಗತಿಯೊಂದು ಈ ಏರ್ಪಾಡಿನೊಳಗೇ ಇತ್ತು. ಕೆಲಸ ಕೊಡುವವರು ಅವರೇ, ಎಷ್ಟೋ ಮಂದಿಗೆ ಮನೆ ಕಟ್ಟಲು ಜಾಗ ಕೊಟ್ಟವರು ಅವರೇ, ತಪ್ಪು ಮಾಡಿದರೆ ಕರ್ತನ ಭೋಜನದಿಂದ ದೂರ ಇಡುವವರೂ ಅವರೇ. ಧಣಿಯ ಅಂಗಳ ಬಿಟ್ಟು ಬಂದವನಿಗೆ ಇನ್ನೊಬ್ಬ ಧಣಿ ಸಿಕ್ಕಂತಾಗಿ, ಕಾರ್ಖಾನೆಯಲ್ಲಿ ಎದುರಾಡಲು ಹೆದರಿದವನು ಸಭೆಯಲ್ಲೂ ಬಾಯಿ ಕಟ್ಟಿಕೊಂಡ. ಮಿಷನರಿಗಳಲ್ಲೇ ಕೆಲವರು, ವ್ಯಾಪಾರ ಬೆಳೆದಂತೆ ಸುವಾರ್ತೆ ಬಡವಾಗುತ್ತದೆ ಎಂದು ಬಾಸೆಲಿಗೆ ದೂರು ಬರೆದರು. ಅವರ ಚಿಂತೆ ಸುವಾರ್ತೆಯದು, ನನ್ನದು ಬೇರೆ. ಕಂಪನಿಯ ಷೇರುದಾರರಲ್ಲಿ ಜೆಪ್ಪಿನ, ಮುಲ್ಕಿಯ, ಉಡುಪಿಯ ಸಭೆಗಳ ಜನಕ್ಕೆ ಜಾಗ ಇರಲಿಲ್ಲ. ಅವರು ಉಳಿತಾಯ ಕಲಿತರು, ಸಮಯಪಾಲನೆ ಕಲಿತರು, ಯಂತ್ರ ಕಲಿತರು. ಲಾಭ ಎಷ್ಟು, ಅದನ್ನು ಎಲ್ಲಿ ಹಾಕಬೇಕು ಎಂಬ ಮಾತು ನಡೆಯುವ ಕೋಣೆಯೊಳಗೆ ಅವರನ್ನು ಯಾರೂ ಕರೆಯಲಿಲ್ಲ. ಯಜಮಾನನು ತಲಾಂತುಗಳನ್ನು ಆಳುಗಳ ಕೈಗೇ ಒಪ್ಪಿಸಿ ದೂರದೇಶಕ್ಕೆ ಹೋದ ಸಾಮ್ಯವನ್ನು ಭಾನುವಾರ ಓದಿದ ಮೇಲೂ ಈ ಪ್ರಶ್ನೆ ಏಳಲಿಲ್ಲವಲ್ಲ ಎಂದು ನನಗೆ ನೋವಾಗುತ್ತದೆ.

ಹಾಗೆ ಹೊರಗಿಟ್ಟದ್ದರ ಬೆಲೆ ತಿಳಿದದ್ದು 1914ರಲ್ಲಿ. ಯುದ್ಧ ಶುರುವಾಯಿತು, ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರು ದೇಶದವರಾದರು. ಅನೇಕರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಅಯ್ಯನವರನ್ನು ಪೊಲೀಸರು ಕರೆದೊಯ್ದ ದಿನ ಕಾರ್ಖಾನೆಯಲ್ಲಿ ಯಾರೂ ಮಾತಾಡಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಸ್ವಿಟ್ಜರ್ಲೆಂಡ್ ಯುದ್ಧಕ್ಕೆ ಸೇರದ ದೇಶ, ಕಂಪನಿಯ ಮನೆ ಬಾಸೆಲಿನಲ್ಲಿ; ಆದರೂ ಮಂಗಳೂರು, ಮಲಬಾರಿನ ಹಂಚಿನ ಕಾರ್ಖಾನೆಗಳು, ಮಗ್ಗಗಳು, ಅಂಗಡಿಗಳು ಎಲ್ಲವನ್ನೂ ಸರ್ಕಾರ ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಎರಡು ಮೂರು ತಲೆಮಾರು ಬೆವರು ಸುರಿಸಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕಾದ ಕಾರಣವೂ ಕಾಗದದಲ್ಲಿ ಇರಲಿಲ್ಲ.

ಕೈಯಲ್ಲಿದ್ದ ಕಸುಬನ್ನು ಮಾತ್ರ ಯಾವ ಸರ್ಕಾರವೂ ಜಪ್ತಿ ಮಾಡಲಾರದು. ಅದು ಮಿಷನ್ನಿನ ಹೊರಗೂ ಹರಡಿತ್ತು. ಆಲ್ಬುಕರ್ಕ್ ಮನೆತನದವರು 1868ರಲ್ಲೇ ತಮ್ಮದೇ ಹಂಚಿನ ಕಾರ್ಖಾನೆ ತೆರೆದಿದ್ದರು, ಆಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯ ಉದ್ದಕ್ಕೂ ಚಿಮಣಿಗಳು ಎದ್ದವು. ಎಲ್ಲ ಮತದವರೂ ಕಾರ್ಖಾನೆ ಹಾಕಿದರು, ಎಲ್ಲ ಜಾತಿಯವರೂ ಅಲ್ಲಿ ದುಡಿದರು. ಮಂಗಳೂರು ಹಂಚು ಹಡಗಿನಲ್ಲಿ ಪೂರ್ವ ಆಫ್ರಿಕಕ್ಕೂ ಹೋಯಿತು. ಕಾಂಕ್ರೀಟು ಬಂದು, ಮಣ್ಣಿಗೂ ಸೌದೆಗೂ ಬರ ಬಿದ್ದು, ಈಗ ಹೆಚ್ಚಿನ ಗೂಡುಗಳು ಆರಿವೆ. ಬಲ್ಮಠದಲ್ಲಿ ಅಚ್ಚುಕೂಟದ ಕೆಲಸ ಆಮೇಲೂ ನಮ್ಮವರ ಕೈಯಲ್ಲೇ ಮುಂದುವರಿಯಿತು.

ವರ್ಷಕ್ಕೊಮ್ಮೆ ಸಭೆಯ ಮಹಾಸಭೆಯಲ್ಲಿ ನಾನು ಲೆಕ್ಕಪತ್ರ ಓದುತ್ತೇನೆ. ಕಾಣಿಕೆ, ಬೆಳೆಹಬ್ಬದ ಏಲಂ, ಅಂಗಡಿ ಬಾಡಿಗೆ, ಎಲ್ಲವೂ. ಕೊನೆಯ ಬೆಂಚಿನಿಂದ ಯಾರಾದರೂ ಎದ್ದು, ಈ ಖರ್ಚು ಯಾಕಮ್ಮ ಎಂದು ಕೇಳಿದರೆ ಕೆಲವರಿಗೆ ಮುಜುಗರವಾಗುತ್ತದೆ. ನನಗೆ ಸಂತೋಷವಾಗುತ್ತದೆ. ಜೆಪ್ಪಿನಲ್ಲಿ ನನ್ನ ಅಜ್ಜಿಗೆ ಆ ಪ್ರಶ್ನೆ ಕೇಳುವ ಅವಕಾಶವಿರಲಿಲ್ಲ.

ಮಿಷನರಿಗಳ ಪತ್ರ, ವರದಿ, ಫೋಟೊಗಳು ಬಾಸೆಲಿನ ದಾಖಲೆ ಭಂಡಾರದಲ್ಲಿ ಜೋಪಾನವಾಗಿವೆ, ಸಂಶೋಧಕರು ಅಲ್ಲಿಗೆ ಹೋಗಿ ಓದುತ್ತಾರೆ. ದುಡಿದವರ ಕಡೆಯ ಕಾಗದ ಮಾತ್ರ ನಮ್ಮ ಮನೆಗಳ ಹಳೆ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಬೀಳುತ್ತಿದೆ: ಸಂಬಳದ ಚೀಟಿ, ಉಳಿತಾಯದ ಪುಸ್ತಕ, ಮಗ್ಗದ ಕೂಲಿ ಬರೆದಿಟ್ಟ ನೋಟುಬುಕ್ಕು. ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನವರಿಗೆ ತೋರಿಸಿ. ಅಜ್ಜಿಯ ಉಳಿತಾಯದ ಪುಸ್ತಕ ಅತ್ತೆಯ ಪೆಟ್ಟಿಗೆಯಲ್ಲಿ ಇರಬೇಕೆಂದು ಮನೆಯವರೆಲ್ಲ ಹೇಳುತ್ತಾರೆ, ನಾನು ಈ ರಜೆಯಲ್ಲಿ ಅದನ್ನು ಹುಡುಕುವವಳಿದ್ದೇನೆ.