ಬೀದರ್ ಕೋಟೆ ನೋಡೋದು ಹೇಗೆ? ಲಾಲ್ ಬಾಗ್‌ನಿಂದ ಬಿದರಿ ಮಣ್ಣಿನವರೆಗೆ

ಬೀದರ್: ಚೌಬಾರಾ, ಮಹಮೂದ್ ಗವಾನ್ ಮದರಸಾ ದಾಟಿ ನೇರ ಹೋದರೆ ಕೋಟೆ ಬಂತು. ಬಾಗಿಲಲ್ಲೇ ಫೋಟೋ ತೆಗೆದು ವಾಪಸ್ ಬರುವ ಜಾಗ ಇದಲ್ಲ, ಸರಿಯಾಗಿ ನೋಡಬೇಕಂದ್ರೆ ಅರ್ಧ ದಿನ ಬೇಕೇ ಬೇಕು.

ಬಹಮನಿ ಸುಲ್ತಾನ ಒಂದನೇ ಅಹ್ಮದ್ ಶಾಹ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಕಟ್ಟಿಸಿದ ಕೋಟೆ ಇದು. ಊರ ಕಡೆ ಕೆಂಪು ಕಲ್ಲಿನ ಬಂಡೆಯನ್ನೇ ಕೊರೆದು ಮೂರು ಸಾಲು ಕಂದಕ ತೋಡಿದ್ದಾರೆ. ಒಳಗೆ ಹೋಗುವಾಗ ತಲೆ ಎತ್ತಿ ನೋಡಿ: 1503ರ ಶರ್ಜಾ ದರ್ವಾಜಾ ಮೇಲೆ ಎರಡು ಹುಲಿಗಳ ಕೆತ್ತನೆ ಇದೆ.

ಲಾಲ್ ಬಾಗ್ ಅಂದಕೂಡಲೇ ಬೆಂಗಳೂರಿನದು ನೆನಪಾದರೆ ನಿರಾಸೆ ಆಗಬಹುದು. ಇದು ಅರಮನೆಗಳ ನಡುವಿನ ಸಣ್ಣ ತೋಟ. ಆದರೆ ಕೊಳ, ನೀರು ಹರಿಯುವ ಕಾಲುವೆ ಎಲ್ಲಿ ಕೂಡುತ್ತವೆ ಅಂತ ಗಮನಿಸಿದರೆ ಅಂದಿನವರ ಲೆಕ್ಕಾಚಾರ ಗೊತ್ತಾಗುತ್ತದೆ. ಒಂದು ಬದಿಗೆ ಸೋಲಾ ಖಂಬ ಮಸೀದಿ, ಇನ್ನೊಂದು ಬದಿಗೆ ತರ್ಕಶ್ ಮಹಲ್. ಹಳೇ ಶಾಹಿ ಸ್ನಾನಗೃಹದಲ್ಲೇ ಈಗ ಮ್ಯೂಸಿಯಂ ಇದೆ.

ರಂಗೀನ್ ಮಹಲ್ ಮಾತ್ರ ಬಿಡಬೇಡಿ. ಮರದ ಕೆತ್ತನೆ, ಬಣ್ಣದ ಹೆಂಚು, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು. ಇವು 16ನೇ ಶತಮಾನದ ಅಲಿ ಬರೀದ್ ಶಾಹನ ಕಾಲದವು. ಬೀಗ ಹಾಕಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ನೋಡಿ.

ಇನ್ನು ಮಣ್ಣಿನ ವಿಷಯ. ಬಿದರಿ ಪಾತ್ರೆ ಅಂದರೆ ಸತು, ಸ್ವಲ್ಪ ತಾಮ್ರದ ಮಿಶ್ರಣ, ಅದರಲ್ಲಿ ಬೆಳ್ಳಿಯ ಕುಸುರಿ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಎಲ್ಲಾ ಮಣ್ಣು ಆಗೋದಿಲ್ಲ. ಶತಮಾನಗಳಿಂದ ಬಿಸಿಲು, ಮಳೆ ಬೀಳದ ಮೂಲೆಯ ಮಣ್ಣೇ ಬೇಕು. ಅನುಭವಸ್ಥ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಗುರುತಿಸುತ್ತಾರೆ. ಜಿಐ ಮಾನ್ಯತೆ ಸಿಕ್ಕಿದೆ, 2023ರಲ್ಲಿ ಬಿದರಿ ಕಲಾವಿದ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀಯೂ ಬಂದಿದೆ. ಆದರೆ ಅಂಥ ಮೂಲೆಗಳು ಹೊಸದಾಗಿ ಹುಟ್ಟೋದಿಲ್ಲ. ಕುಸಿದ ಗೋಡೆಯೊಳಗೆ ಮಳೆನೀರು ಇಳಿದರೆ ಹೋಗೋದು ಬರೀ ಸ್ಮಾರಕವಲ್ಲ, ಊರಿನ ಓಣಿಯ ಕೆಲಸಕ್ಕೂ ಪೆಟ್ಟು.

ಕೋಟೆ ರಕ್ಷಿತ ಸ್ಮಾರಕ. ನೆನಪಿಗೆ ಅಂತ ಒಂದು ಹಿಡಿ ಮಣ್ಣೂ ಅಗೆದು ತರಬಾರದು. ಬಿದರಿ ಬೇಕಾದವರು ವಾಪಸ್ ಬರುವಾಗ ಚೌಬಾರಾ ಆಸುಪಾಸಿನ ಅಂಗಡಿಗಳಲ್ಲಿ ವಿಚಾರಿಸಬಹುದು. ಕಪ್ಪು ಮಂಕಾದರೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.