ದಪ್ಪ ಟೈರಿನ ಕಥೆ: 50 ವರ್ಷಕ್ಕೆ 3 ಮಿ.ಮೀ., 18 ವರ್ಷಕ್ಕೆ 110 ಮಿ.ಮೀ.

ಭಾಗ 1

ಗುರು, ಕ್ರೂಸರ್ ಬೈಕ್ ಇಟ್ಕೊಂಡಿರೋ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಆಸೆ ಬರುತ್ತೆ. ಹಿಂದಿನ ಟೈರ್ ಇನ್ನೊಂದು ಸೈಜ್ ದಪ್ಪ ಹಾಕ್ಸಿದ್ರೆ ಹೆಂಗಿರುತ್ತೆ? ಟೈರ್ ಅಂಗಡಿಯಲ್ಲಿ ಅರ್ಧ ಗಂಟೆ ಕೆಲಸ ಅಷ್ಟೇ. ಆದ್ರೆ ಈ ದಪ್ಪ ಟೈರ್ ಕ್ರೂಸರ್ ಹಿಂದೆ ಬಂದು ಕೂತಿದ್ದು ಹೇಗೆ ಅಂತ ಹಿಂದಕ್ಕೆ ಹೋಗಿ ನೋಡಿದ್ರೆ, ಆ ಅರ್ಧ ಗಂಟೆಯಲ್ಲಿ ಏನೇನು ಬಿಟ್ಟುಹೋಗ್ತಿದೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ. ಅದಕ್ಕೇ ಈ ಸರಣಿ.

ಮೊದಲು ಟೈರಿನ ಪಕ್ಕದಲ್ಲಿರೋ ನಂಬರ್ ಓದೋದು ಕಲಿಯೋಣ. ಬಜಾಜ್ ಅವೆಂಜರ್ ಹಿಂದಿನ ಟೈರ್ 130/90-15. ಅಂದ್ರೆ ಅಗಲ 130 ಮಿ.ಮೀ., ಎತ್ತರ ಆ ಅಗಲದ ಶೇ. 90, ರಿಮ್ 15 ಇಂಚು. ಹಳೇ ಬೈಕ್‌ಗಳಲ್ಲಿ ಇದೆಲ್ಲ ಇಂಚಿನ ಲೆಕ್ಕ. ತಾತಂದಿರ ಕಾಲದ ಬುಲೆಟ್ ಟೈರ್ 3.25-19. ಅಗಲ 3.25 ಇಂಚು, ಅಂದ್ರೆ ಸುಮಾರು 82 ಮಿ.ಮೀ. ಮುಂದೆನೂ ಅದೇ, ಹಿಂದೆನೂ ಅದೇ! ಅಷ್ಟು ಸಣ್ಣ ಟೈರ್ ಮೇಲೆ ಹಾಲಿನ ಕ್ಯಾನು, ಅಕ್ಕಿ ಮೂಟೆ, ಒಂದು ಸಂಸಾರ ಎಲ್ಲಾ ಹೋಗ್ತಿತ್ತು. ಗಾಡಿಗೆ ಇನ್ನೂ ದಪ್ಪ ಟೈರ್ ಬೇಕಾಗಿತ್ತು ಅಂತ ಯಾರೂ ದೂರಿದ್ದಿಲ್ಲ.

ಭಾಗ 2

ಈಗ ಅಮೆರಿಕಕ್ಕೆ ಹೋಗೋಣ, ಯಾಕಂದ್ರೆ ಕ್ರೂಸರ್ ಅನ್ನೋ ಆಕಾರ ಹುಟ್ಟಿದ್ದೇ ಅಲ್ಲಿ.

1936ರಲ್ಲಿ ಹಾರ್ಲೆ-ಡೇವಿಡ್ಸನ್‌ನ ಇಎಲ್ ಬಂತು. ಅಭಿಮಾನಿಗಳು ನಕಲ್‌ಹೆಡ್ ಅಂತಾರಲ್ಲ, ಅದೇ. ಅದರ ಟೈರ್ 4.00-18. 1940ರ ಹೊತ್ತಿಗೆ ಕಂಪನಿ 5.00-16 ಕೊಡೋಕೆ ಶುರು ಮಾಡ್ತು. ರಿಮ್ ಎರಡು ಇಂಚು ಚಿಕ್ಕದು, ಟೈರ್ ಒಂದು ಇಂಚು ದಪ್ಪ. 5 ಇಂಚು ಅಂದ್ರೆ 127 ಮಿ.ಮೀ.

ಯಾಕೆ? ಸ್ಟೈಲಿಗಲ್ಲ. ಆಗಿನ ಹಾರ್ಲೆಗಳಿಗೆ ಹಿಂದೆ ಸಸ್ಪೆನ್ಷನ್ನೇ ಇರಲಿಲ್ಲ. ಚಕ್ರ ನೇರವಾಗಿ ಫ್ರೇಮಿಗೆ ಫಿಟ್. ಸೀಟಿನ ಕೆಳಗೆ ಸ್ಪ್ರಿಂಗ್ ಇರ್ತಿತ್ತು, ಅದು ಬಿಟ್ರೆ ನಿಮ್ಮ ಬೆನ್ನಿಗೂ ರಸ್ತೆಗೂ ನಡುವೆ ಇದ್ದಿದ್ದು ಟೈರಿನೊಳಗಿನ ಗಾಳಿ ಮಾತ್ರ. ಗಾಳಿ ಜಾಸ್ತಿ ಹಿಡಿಯೋ ಟೈರ್ ಅಂದ್ರೆ ಮೆತ್ತಗಿನ ಸವಾರಿ. ಹಾರ್ಲೆಯ ದೊಡ್ಡ ಬೈಕಿಗೆ ಹಿಂದೆ ಶಾಕ್ ಅಬ್ಸಾರ್ಬರ್ ಬಂದಿದ್ದು 1958ರ ಡ್ಯುಯೋ ಗ್ಲೈಡ್‌ನಲ್ಲಿ. ಅಲ್ಲೀವರೆಗೂ ದಪ್ಪ ಟೈರೇ ಶಾಕ್ ಅಬ್ಸಾರ್ಬರ್.

ಅಂದ್ರೆ ಮೊದಲ ದಪ್ಪ ಟೈರಿಗೆ ಒಂದು ಕೆಲಸ ಇತ್ತು. ಆ ಕೆಲಸ 1958ರಲ್ಲಿ ಮುಗೀತು. ಟೈರ್ ಮಾತ್ರ ಹೋಗಲಿಲ್ಲ.

ಭಾಗ 3

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹುಡುಗರು ಈ ಭಾರಿ ಬೈಕ್‌ಗಳನ್ನ ಕಟ್ ಮಾಡಿ ಹಗುರ ಮಾಡೋಕೆ ಶುರು ಮಾಡಿದ್ರು. ಮುಂದಿನ ಮಡ್‌ಗಾರ್ಡ್ ಕಿತ್ತು ಬಿಸಾಕಿದ್ರು, ಹಿಂದಿಂದು ಅರ್ಧ ಕತ್ತರಿಸಿದ್ರು. ಇದೇ ಬಾಬರ್. ಆಮೇಲೆ ಬಂದಿದ್ದು ಚಾಪರ್: ಮುಂದೆ 21 ಇಂಚಿನ ಸಣಕಲು ಚಕ್ರ, ಉದ್ದದ ಫೋರ್ಕ್, ಹಿಂದೆ ಅದೇ ಹಳೇ 16 ಇಂಚಿನ ದಪ್ಪ ಟೈರ್. ಇಲ್ಲೇ ಇರೋದು ಮಜಾ. ಹಿಂದಿನ ಟೈರ್ ದಪ್ಪ ಆಗಲೇ ಇಲ್ಲ. ಮುಂದಿನದು ಸಣ್ಣ ಆಯ್ತು, ಅದಕ್ಕೇ ಹಿಂದಿನದು ದಪ್ಪ *ಕಾಣ್ತು*.

1969ರ ‘ಈಸಿ ರೈಡರ್’ ಸಿನಿಮಾದಲ್ಲಿ ಪೀಟರ್ ಫಾಂಡಾ ಓಡಿಸಿದ ‘ಕ್ಯಾಪ್ಟನ್ ಅಮೆರಿಕ’ ಬೈಕ್ ಈ ಆಕಾರವನ್ನ ಜಗತ್ತಿಗೆಲ್ಲ ತೋರಿಸ್ತು. ಹಿಂದೆ ಸಸ್ಪೆನ್ಷನ್ ಇಲ್ಲ, ಮುಂದೆ ಬ್ರೇಕೇ ಇಲ್ಲ. ನೋಡೋಕೆ ಮಾತ್ರ ಸಕತ್. ಆ ಬೈಕ್‌ಗಳ ಹಿಂದಿದ್ದವರು ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಅನ್ನೋ ಇಬ್ಬರು ಕಪ್ಪು ಅಮೆರಿಕನ್ನರು. ದಶಕಗಳ ಕಾಲ ಅವರ ಹೆಸರು ಯಾರೂ ಹೇಳಲಿಲ್ಲ. ಪೋಸ್ಟರ್ ಮಾತ್ರ ಮನೆಮನೆ ಗೋಡೆ ಮೇಲೆ. ಇದು ಟೈರಿನ ವಿಷಯ ಅಲ್ಲ, ಆದ್ರೂ ಹೇಳದೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ.

1971ರಲ್ಲಿ ಹಾರ್ಲೆಯ ವಿಲ್ಲಿ ಜಿ. ಡೇವಿಡ್ಸನ್, ಬೀದಿ ಹುಡುಗರು ಮಾಡ್ತಿದ್ದಿದ್ದನ್ನೇ ನೋಡಿ ಸೂಪರ್ ಗ್ಲೈಡ್ ತಂದ್ರು. ಗ್ರಾಹಕ ಮೊದಲು ಮಾಡ್ತಾನೆ, ಕಂಪನಿ ಆಮೇಲೆ ಮಾರುತ್ತೆ. ನಮ್ಮ ಮಾರ್ಕೆಟಿಂಗ್ ಕ್ಲಾಸಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

1990ಕ್ಕೆ ಬನ್ನಿ. ಫ್ಯಾಟ್ ಬಾಯ್! ಮರುವರ್ಷ ‘ಟರ್ಮಿನೇಟರ್ 2’ರಲ್ಲಿ ಆರ್ನಾಲ್ಡ್ ಅದನ್ನ ಓಡಿಸಿದ್ರು. ಹೆಸರೇ ‘ದಪ್ಪ ಹುಡುಗ’. ಅದರ ಹಿಂದಿನ ಟೈರ್ ಎಷ್ಟು ದಪ್ಪ ಅಂದ್ಕೊಂಡ್ರಿ? ಎಂಟಿ90-16. ಆ ಸಂಕೇತ ಬಿಡಿಸಿದ್ರೆ 130/90-16. ನಮ್ಮ ಅವೆಂಜರ್‌ನಷ್ಟೇ ಅಗಲ. ದಪ್ಪ ಇದ್ದಿದ್ದು ಗಟ್ಟಿ ಡಿಸ್ಕ್ ಥರದ ಚಕ್ರದಲ್ಲಿ, ಅಗಲವಾದ ಮಡ್‌ಗಾರ್ಡಲ್ಲಿ, ಹೆಸರಲ್ಲಿ. 1940ರಲ್ಲಿ 127, 1990ರಲ್ಲಿ 130. ಐವತ್ತು ವರ್ಷಕ್ಕೆ ಮೂರೇ ಮಿಲಿಮೀಟರ್.

ಭಾಗ 4

ಆಮೇಲೆ ಹುಚ್ಚು ಹಿಡೀತು.

ತೊಂಬತ್ತರ ದಶಕದಿಂದ ಕಸ್ಟಮ್ ಅಂಗಡಿಗಳಲ್ಲಿ 180, 200, 250, ಕೊನೆಗೆ 300 ಮಿ.ಮೀ. ಟೈರ್‌ವರೆಗೂ ಪೈಪೋಟಿ ಬೆಳೀತಾ ಹೋಯ್ತು. 2003ರಲ್ಲಿ ಡಿಸ್ಕವರಿ ಚಾನೆಲ್‌ನಲ್ಲಿ ‘ಅಮೆರಿಕನ್ ಚಾಪರ್’ ಸರಣಿ ಶುರುವಾಯ್ತು. ಅಪ್ಪ-ಮಗ ಜಗಳ ಆಡ್ಕೊಂಡು ಬೈಕ್ ಕಟ್ಟೋ ಕಾರ್ಯಕ್ರಮ. ಕಂಪನಿಗಳೂ ಹಿಂದೆ ಬಿದ್ದವು. 2004ರಲ್ಲಿ ಟ್ರಯಂಫ್ ರಾಕೆಟ್ 3 ಬಂದಿದ್ದು 240ರ ಟೈರ್ ಜೊತೆ. 2006ರಲ್ಲಿ ಸುಜುಕಿ ಎಂ109ಆರ್‌ಗೂ 240, ವಿಕ್ಟರಿ ಜಾಕ್‌ಪಾಟ್‌ಗೆ 250. ಹಾರ್ಲೆಯ 2008ರ ರಾಕರ್‌ಗೂ 240. 18 ವರ್ಷಕ್ಕೆ 110 ಮಿ.ಮೀ.!

ಆದ್ರೆ ಇವರ್ಯಾರೂ ಬರೀ ಟೈರ್ ಬದಲಾಯಿಸಲಿಲ್ಲ. ನಾನು ಈ ಸರಣಿ ಬರೀತಿರೋದೇ ಈ ಒಂದು ಮಾತಿಗೆ. ಹಳೇ 130ರ ಟೈರ್ ಕೂರೋದು 3 ಇಂಚಿನ ರಿಮ್ ಮೇಲೆ. 240ಕ್ಕೆ ಬೇಕಾಗೋದು ಸುಮಾರು 8 ಇಂಚಿನ ರಿಮ್. ರಿಮ್ ಅಗಲ ಆದ್ರೆ ಸ್ವಿಂಗ್ ಆರ್ಮ್ ಅಗಲ ಆಗ್ಬೇಕು, ಅದಕ್ಕೆ ತಕ್ಕ ಫ್ರೇಮ್ ಬೇಕು, ಮಡ್‌ಗಾರ್ಡ್ ಬೇಕು. ಹಾರ್ಲೆಯಲ್ಲಿ ಚಕ್ರ ತಿರುಗಿಸೋದು ಬೆಲ್ಟ್. ಟೈರ್ ದಪ್ಪ ಆದಷ್ಟೂ ಆ ಬೆಲ್ಟಿಗೆ ಜಾಗ ಇಲ್ಲ. ಹಂಗಾಗಿ ಬೆಲ್ಟನ್ನೇ ಸಣ್ಣ ಮಾಡಿ ಹೊರಗಡೆಗೆ ಸರಿಸಿದ್ರು. ಕಸ್ಟಮ್ ಅಂಗಡಿಯವರಂತೂ ಎಡಗಡೆ ಇದ್ದ ಬೆಲ್ಟನ್ನ ಬಲಗಡೆಗೆ ತರೋ ಹೊಸ ಗೇರ್‌ಬಾಕ್ಸೇ ಹಾಕ್ತಿದ್ರು, ಇಲ್ಲಾಂದ್ರೆ ಬೈಕಿನ ತೂಕವೆಲ್ಲ ಒಂದೇ ಕಡೆಗೆ ವಾಲುತ್ತೆ ಅಂತ. ರಾಕೆಟ್ 3 ಮತ್ತು ಎಂ109ಆರ್‌ನಲ್ಲಿ ಬೆಲ್ಟೂ ಇಲ್ಲ, ಚೈನೂ ಇಲ್ಲ, ಶಾಫ್ಟ್.

ಇಷ್ಟೆಲ್ಲ ಮಾಡಿದ ಮೇಲೆ ಬಂದಿದ್ದು ಒಂದು ದಪ್ಪ ಟೈರ್.

2008ರ ಆರ್ಥಿಕ ಕುಸಿತಕ್ಕೆ ಈ ಹುಚ್ಚು ಇಳೀತು. ಟೆಕ್ಸಾಸ್‌ನ ಅಮೆರಿಕನ್ ಐರನ್‌ಹಾರ್ಸ್ ಅದೇ ವರ್ಷ ದಿವಾಳಿ. ಕಾನ್ಸಾಸ್‌ನ ಬಿಗ್ ಡಾಗ್ 2011ರಲ್ಲಿ ಬಾಗಿಲು ಹಾಕ್ತು. ಹಾರ್ಲೆ ಕೂಡ ರಾಕರನ್ನ ನಿಲ್ಲಿಸ್ತು, 2013ರಲ್ಲಿ ಬ್ರೇಕ್‌ಔಟ್‌ಗೂ 240 ಹಾಕ್ತು. 2018ರ ಹೊಸ ಫ್ಯಾಟ್ ಬಾಯ್‌ಗೂ 240 ಹಾಕಿದ್ರು, ಆದ್ರೆ ಮುಂದೆನೂ 160ರ ಟೈರ್ ಕೊಟ್ಟು. ಇಪ್ಪತ್ತೆಂಟು ವರ್ಷ ಆದ್ಮೇಲೆ ದಪ್ಪ ಹುಡುಗ ನಿಜವಾಗ್ಲೂ ದಪ್ಪ ಆದ.

ಭಾಗ 5 (ಕೊನೇದು)

ನಮ್ಮ ದೇಶದ ಕಥೆ ಚಿಕ್ಕದು. 2001ರ ಕವಾಸಕಿ ಬಜಾಜ್ ಎಲಿಮಿನೇಟರ್ 130/90-15 ತಂತು, 2005ರ ಅವೆಂಜರ್ ಅದನ್ನೇ ಮುಂದುವರಿಸ್ತು. 2008ರಲ್ಲಿ ಯಮಹಾ ಎಫ್‌ಝಡ್ 140ರ ಟೈರ್ ಜೊತೆ ಬಂತು. ಅದು ಕ್ರೂಸರ್ ಅಲ್ಲ, ಆದ್ರೆ ನನ್ನ ಪ್ರಕಾರ ನಮ್ಮ ಹುಡುಗರ ಕಣ್ಣು ಕೆಡಿಸಿದ್ದು ಅದೇ. 2020ರ ಮೀಟಿಯರ್ 350ಗೆ 140/70-17, ಆಮೇಲಿನ ಸೂಪರ್ ಮೀಟಿಯರ್ 650ಗೆ 150/80-16. ಎರಡೂ ಹೊಸ ಫ್ರೇಮ್ ಮೇಲೆ ಕಟ್ಟಿದ ಬೈಕ್‌ಗಳು.

ಈಗ ನಿಮ್ಮ ಅವೆಂಜರ್. 130/90-15 ತೆಗೆದು 150/90-15 ಹಾಕ್ಸಿದ್ರಿ ಅಂದ್ಕೊಳ್ಳಿ. ಲೆಕ್ಕ ಮಾಡಿ: ಮೊದಲು ಚಕ್ರದ ಒಟ್ಟು ಎತ್ತರ 615 ಮಿ.ಮೀ., ಈಗ 651. ಸುಮಾರು ಶೇ. 6 ಜಾಸ್ತಿ. ಪ್ರತಿ ಗೇರೂ ಅಷ್ಟು ಭಾರ ಆಗುತ್ತೆ, ಪಿಕಪ್ ಇಳಿಯುತ್ತೆ. ಬೈಕಿನ ಹಿಂಭಾಗ 18 ಮಿ.ಮೀ. ಮೇಲೇಳುತ್ತೆ. ರಿಮ್ ಹಳೇದೇ ಆದ್ರಿಂದ ಟೈರಿನ ಅಂಚುಗಳು ಒಳಕ್ಕೆ ಒತ್ತಿ ನಡುಭಾಗ ಉಬ್ಬುತ್ತೆ. ದುಡ್ಡು ಕೊಟ್ಟ ಅಗಲ ಪೂರ್ತಿ ರಸ್ತೆಗೆ ತಾಗೋದೇ ಇಲ್ಲ.

“ಗ್ರಿಪ್ ಜಾಸ್ತಿ ಆಗುತ್ತಲ್ಲ” ಅಂತೀರಾ? ಹಿಂದಿನ ಚಕ್ರದ ಮೇಲೆ 150 ಕೆ.ಜಿ. ಭಾರ ಇದೆ, ಗಾಳಿ 32 ಪಿಎಸ್ಐ ಇದೆ ಅನ್ನಿ. ಅಂದ್ರೆ ಚದರ ಸೆಂ.ಮೀ.ಗೆ ಸುಮಾರು 2.25 ಕೆ.ಜಿ. ಭಾಗಿಸಿದ್ರೆ ರಸ್ತೆಗೆ ತಾಗೋ ಜಾಗ ಹೆಚ್ಚುಕಮ್ಮಿ 67 ಚದರ ಸೆಂ.ಮೀ., ಒಂದು ಅಂಗೈಯಷ್ಟು. ದಪ್ಪ ಟೈರಲ್ಲೂ ಭಾರ ಅದೇ, ಗಾಳಿ ಅದೇ, ಆದ್ರಿಂದ ಜಾಗನೂ ಹೆಚ್ಚುಕಮ್ಮಿ ಅಷ್ಟೇ. ಆಕಾರ ಮಾತ್ರ ಬೇರೆ: ಅಡ್ಡಕ್ಕೆ ಅಗಲ, ಉದ್ದಕ್ಕೆ ಕಮ್ಮಿ.

ತಿರುವಿನ ವಿಷಯ ಇದಕ್ಕಿಂತ ಗಂಭೀರ. ಬೈಕ್ ವಾಲಿಸಿದಾಗ ದಪ್ಪ ಟೈರಲ್ಲಿ ರಸ್ತೆ ತಾಗೋ ಜಾಗ ನಡುವಿಂದ ಜಾಸ್ತಿ ದೂರ ಸರಿಯುತ್ತೆ. ಹಂಗಾಗಿ ಅದೇ ಸ್ಪೀಡಲ್ಲಿ ಅದೇ ತಿರುವು ತಗೊಳ್ಳೋಕೆ ಬೈಕನ್ನ ಮೊದಲಿಗಿಂತ ಜಾಸ್ತಿ ವಾಲಿಸ್ಬೇಕು, ಅದು ನೆಟ್ಟಗಾಗೋಕೆ ನೋಡುತ್ತೆ. ಕ್ರೂಸರ್‌ಗಳು ಮೊದಲೇ ಕೆಳಗಿರುತ್ತವೆ, ಫುಟ್‌ರೆಸ್ಟ್ ಬೇಗ ನೆಲಕ್ಕೆ ತಾಗುತ್ತೆ. ಚಾರ್ಮಾಡಿ ಘಾಟಿಯ ಹೇರ್‌ಪಿನ್‌ನಲ್ಲಿ, ಮಳೇಲಿ, ಎದುರಿಂದ ಬಸ್ ಬರ್ತಿರುವಾಗ ಇದನ್ನ ಯೋಚನೆ ಮಾಡಿ ನೋಡಿ.

ಕಾನೂನಿನ ಮಾತು ಒಂದಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ. ಆಕ್ಸಿಡೆಂಟ್ ಆದ್ಮೇಲೆ ಇನ್ಶೂರೆನ್ಸ್ ಸರ್ವೇಯರ್ ಟೈರಿನ ನಂಬರ್ ನೋಡಿದ್ರೆ ಏನು ಕೇಳಬಹುದು ಅಂತ ಕಾಮರ್ಸ್ ಓದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಇಷ್ಟಾದ್ಮೇಲೂ ಒಂದು ಸೈಜ್ ದಪ್ಪ ಹಾಕಿಸ್ಲೇಬೇಕು ಅನ್ನೋರು ಮೊದಲು ಓನರ್ಸ್ ಮ್ಯಾನ್ಯುವಲ್ ನೋಡಿ, ಆ ಸೈಜಿಗೆ ಕಂಪನಿ ಒಪ್ಪಿಗೆ ಇದೆಯಾ ಅಂತ. ರಿಮ್ ಮೇಲೆ ಅಚ್ಚಾಗಿರೋ ಅಗಲ ಓದಿ. ಚೈನ್ ಕಡೆ ಟೈರಿಗೂ ಸ್ವಿಂಗ್ ಆರ್ಮಿಗೂ ನಡುವೆ ಎಷ್ಟು ಗ್ಯಾಪ್ ಇದೆ ಅಂತ ಅಳೀರಿ.

ನಿಮ್ಮ ಬೈಕಿನ ಹಿಂದಿನ ಟೈರ್ ನಂಬರ್ ಕಾಮೆಂಟಲ್ಲಿ ಹಾಕಿ, ಮನೇಲಿ ಅಪ್ಪನದೋ ತಾತನದೋ ಹಳೇ ಗಾಡಿ ಇದ್ರೆ ಅದರದ್ದೂ.

#ದಪ್ಪಟೈರ್ #ಕ್ರೂಸರ್ #ಬೈಕ್‌ಇತಿಹಾಸ #ಕನ್ನಡರೈಡರ್ಸ್