ಬುಗುರಿ, ಡಬ್ಬಿ, ಗಂಟೆ: ಅಮೆರಿಕದ ತೇಲುಗುರುತುಗಳು

ಹಡಗಿಗೆ ದಾರಿ ತೋರುವ ತೇಲುಗುರುತನ್ನು ಅಮೆರಿಕದವರು ‘ಬೂಯಿ’ ಎನ್ನುತ್ತಾರೆ. ಇಂಗ್ಲೆಂಡಿನವರ ನಾಲಿಗೆಯಲ್ಲಿ ಅದೇ ಪದ ‘ಬಾಯ್’. ಡೆಲವೇರ್ ನದಿಯಲ್ಲಿ 1767ರಷ್ಟು ಹಿಂದೆಯೇ ಇವು ತೇಲುತ್ತಿದ್ದವು. ಮೊದಮೊದಲಿನವು ಮರದ ಪೀಪಾಯಿಗಳು, ಇಲ್ಲವೇ ಬುಡವನ್ನು ಸರಪಳಿಯಿಂದ ತಳಕ್ಕೆ ಬಿಗಿದು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದ ಉದ್ದನೆಯ ಕಂಬಗಳು. ಕಂಬಕ್ಕೆ ‘ಸ್ಪಾರ್’ ಎಂದು ಹೆಸರು. ಅಗ್ಗದ್ದು, ಆದರೆ ಚಳಿಗಾಲದಲ್ಲಿ ತೇಲಿಬರುವ ಮಂಜುಗಡ್ಡೆಯ ಕೆಳಗೆ ಬಾಗಿ ಮತ್ತೆ ಏಳುವ ಗುಣ ಅದಕ್ಕಿತ್ತು.

1789ರ ಆಗಸ್ಟ್ 7ರ ಕಾನೂನು ದೀಪಸ್ತಂಭಗಳ ಜೊತೆಗೆ ತೇಲುಗುರುತುಗಳನ್ನೂ ಕೇಂದ್ರ ಸರ್ಕಾರದ ಕೈಗೆ ಒಪ್ಪಿಸಿತು. ಬಣ್ಣಕ್ಕೆ ಮಾತ್ರ ದೇಶಕ್ಕೆಲ್ಲ ಒಂದೇ ನಿಯಮ ಬರಲು 1850ರವರೆಗೆ ಕಾಯಬೇಕಾಯಿತು. ಕಡಲಿನಿಂದ ಒಳಬರುವ ಹಡಗಿನ ಬಲಕ್ಕೆ ಕೆಂಪು ಬಣ್ಣ, ಸಮಸಂಖ್ಯೆ. ಎಡಕ್ಕೆ ಕಪ್ಪು ಬಣ್ಣ, ಬೆಸಸಂಖ್ಯೆ ಎಂದು ಆ ವರ್ಷದ ಕಾನೂನು ಗೊತ್ತುಮಾಡಿತು.

1852ರಲ್ಲಿ ಬಂದ ದೀಪಸ್ತಂಭ ಮಂಡಳಿಯ ಕಾಲದಲ್ಲಿ ಮರದ ಜಾಗವನ್ನು ಕಬ್ಬಿಣ ಹಿಡಿಯತೊಡಗಿತು, ಆಕಾರವೂ ಗುರುತಾಯಿತು. ಬಲಬದಿಯ, ಮೇಲ್ಭಾಗ ಚೂಪಾದದ್ದು ‘ನನ್’; ಎಡಬದಿಯ, ತಲೆ ಚಪ್ಪಟೆಯಾದದ್ದು ‘ಕ್ಯಾನ್’, ಅಂದರೆ ಡಬ್ಬಿ. ‘ನನ್’ ಎಂದೊಡನೆ ಕ್ರೈಸ್ತ ಸನ್ಯಾಸಿನಿ ನೆನಪಾಗುವುದು ಸಹಜ. ಆದರೆ ಹಳೆಯ ಇಂಗ್ಲಿಷಿನಲ್ಲಿ ಮಕ್ಕಳ ಬುಗುರಿಗೂ ಅದೇ ಹೆಸರಿತ್ತು, ಆಕಾರ ಕಂಡವರಿಗೆ ಬುಗುರಿಯೇ ಸರಿಯೆನಿಸುತ್ತದೆ.

ಮಂಜು ಕವಿದಾಗ ಬಣ್ಣವೂ ಕಾಣದು, ಆಕಾರವೂ ಕಾಣದು. ಅದಕ್ಕಾಗಿ ಬಂದದ್ದು ಗಂಟೆ. ಗುರುತು ಅಲೆಯ ಮೇಲೆ ಓಲಾಡಿದಂತೆ ಸುತ್ತ ತೂಗುವ ಬಡಿಗಳು ಗಂಟೆಯನ್ನು ಬಾರಿಸುತ್ತವೆ. ಗಂಟೆಯ ಬದಲು ಬೇರೆ ಬೇರೆ ಸ್ವರದ ಜಾಗಟೆಗಳನ್ನು ಒಂದರ ಮೇಲೊಂದು ಜೋಡಿಸಿದ್ದು ‘ಗಾಂಗ್’. ಕಿವಿಗೇ ಎರಡರ ವ್ಯತ್ಯಾಸ ತಿಳಿಯುತ್ತದೆ. 1876ರಲ್ಲಿ ಕೋರ್ಟ್ನಿ ಎಂಬವರ ಸಿಳ್ಳೆಗುರುತು ಬಂತು. ಅದರ ಅಡಿಯಲ್ಲಿ ಬಾಯ್ದೆರೆದ ಉದ್ದನೆಯ ಕೊಳವೆ; ಅಲೆ ಏರಿಳಿದಂತೆ ಒಳಗಿನ ಗಾಳಿ ಒತ್ತಿಕೊಂಡು ಸಿಳ್ಳೆಯಿಂದ ಹೊರನುಗ್ಗುತ್ತದೆ. ಇವೆಲ್ಲಕ್ಕೂ ಇದ್ದ ಕೊರತೆ ಒಂದೇ: ಅಲೆಯಿಲ್ಲದ ದಿನ ಸದ್ದೂ ಇಲ್ಲ.

ರಾತ್ರಿಗೆ ಬೆಳಕು ಬೇಕಿತ್ತು. ತೊಟ್ಟಿಯಲ್ಲಿ ಗ್ಯಾಸ್ ತುಂಬಿ ಉರಿಸುವ ದೀಪಗಳು 1880ರ ದಶಕದ ಆರಂಭದಲ್ಲಿ ಬಂದವು. ನ್ಯೂಯಾರ್ಕಿನ ಗೆಡ್ನಿ ಕಾಲುವೆಯಲ್ಲಿ 1888ರಲ್ಲಿ ನೀರಿನಡಿಯ ಕೇಬಲ್ಲಿನಿಂದ ವಿದ್ಯುತ್ ಕೊಟ್ಟು ನೋಡಿದರೂ ಆ ಪ್ರಯೋಗ ಬಹುಕಾಲ ಬಾಳಲಿಲ್ಲ.

1939ರಿಂದ ಇವೆಲ್ಲ ಕೋಸ್ಟ್ ಗಾರ್ಡಿನ ಹೊಣೆ. 1980ರ ಅಂತರರಾಷ್ಟ್ರೀಯ ಒಪ್ಪಂದದ ನಂತರ ಎಡಬದಿಯ ಕಪ್ಪು ಹೋಗಿ ಹಸಿರು ಬಂತು. ಅದೇ ಒಪ್ಪಂದ ಜಗತ್ತನ್ನು ಎರಡು ವಲಯವಾಗಿ ಹಂಚಿದೆ. ಅಮೆರಿಕ, ಜಪಾನ್, ಫಿಲಿಪ್ಪೀನ್ಸ್ ಒಂದು ವಲಯ, ಭಾರತ ಇನ್ನೊಂದು. ಹಾಗಾಗಿ ನ್ಯೂಯಾರ್ಕ್ ಹೊಗುವ ಹಡಗಿನ ಬಲಕ್ಕೆ ಕಾಣುವ ಕೆಂಪು, ಮಂಗಳೂರು ಹೊಗುವಾಗ ಎಡಕ್ಕೆ ಕಾಣುತ್ತದೆ.